ಕಲ್ಲಾದ ಎಲೆಯಲ್ಲಿ ಹುಳ ಕಡಿದ ಗುರುತು

ತೊಗರಿ ಹೂವಿಗೆ ಬರುವ ಹೊತ್ತಿಗೆ ನಮ್ಮ ಸೀಮೆಯ ಪ್ರತಿಯೊಂದು ಕಟ್ಟೆಯ ಮೇಲೂ ಹುಳದ ಮಾತೇ ನಡೆಯುತ್ತದೆ. “ನಮ್ಮ ಹಿರಿಯರ ಕಾಲಕ್ಕೆ ಇಷ್ಟು ಹುಳ ಎಲ್ಲಿತ್ತು? ಹೊಸ ಬೀಜ ಬಂತು, ಹೊಸ ಗೊಬ್ಬರ ಬಂತು, ಅವುಗಳ ಬೆನ್ನಿಗೇ ಹುಳವೂ ಬಂತು” ಎಂದು ವಯಸ್ಸಾದವರು ಹೇಳುತ್ತಾರೆ. “ಬಲವಾದ ಔಷಧ ಒಂದು ಸಿಕ್ಕರೆ ಸಾಕು, ಹುಳದ ವಂಶವೇ ಅಡಗಿಹೋಗುತ್ತದೆ” ಎಂದು ಎಳೆಯರು ಹೇಳುತ್ತಾರೆ. ಎರಡು ಮಾತಿನಲ್ಲಿಯೂ ಸ್ವಲ್ಪ ನಿಜವುಂಟು. ಆದರೆ ಎರಡೂ ಪೂರ್ತಿ ನಿಜವಲ್ಲ. ಹುಳಕ್ಕೂ ಹಸಿರಿಗೂ ಇರುವ ವ್ಯಾಜ್ಯ ನಮ್ಮ ಅಜ್ಜ ಮುತ್ತಜ್ಜರ ಕಾಲದ್ದಲ್ಲ. ಅದು ಮನುಷ್ಯ ಹುಟ್ಟುವುದಕ್ಕಿಂತ, ದನ ಕುರಿ ಹುಟ್ಟುವುದಕ್ಕಿಂತ, ಭೂಮಿಯ ಮೇಲೆ ಮೊದಲನೆಯ ಹೂವು ಅರಳುವುದಕ್ಕಿಂತ ಹಳೆಯದು. ಆ ವ್ಯಾಜ್ಯದ ಕಾಗದಪತ್ರಗಳು ಕಲ್ಲಿನಲ್ಲಿ ಉಳಿದುಕೊಂಡಿವೆ. ಅವುಗಳನ್ನು ಶಾಸ್ತ್ರಜ್ಞರು ಹೇಗೆ ಓದುತ್ತಾರೆ, ಓದಿ ಏನನ್ನು ಕಂಡುಕೊಂಡಿದ್ದಾರೆ, ಅದರಿಂದ ಒಕ್ಕಲುತನ ಮಾಡುವ ನಮಗೆ ತಿಳಿಯುವುದೇನು ಎಂಬುದನ್ನು ಇಲ್ಲಿ ನೋಡೋಣ.

ಎಲೆ ಕಲ್ಲಾಗುವ ಬಗೆ

ಗಿಡದಿಂದ ಬಿದ್ದ ಎಲೆ ಸಾಮಾನ್ಯವಾಗಿ ಕೊಳೆತು ಮಣ್ಣಾಗುತ್ತದೆ. ಸಾವಿರ ಎಲೆಗಳಲ್ಲಿ ಸಾವಿರವೂ ಹೀಗೆಯೇ ಹೋಗುತ್ತವೆ ಎಂದರೂ ನಡೆದೀತು. ಆದರೆ ಎಂದಾದರೊಮ್ಮೆ ಒಂದು ಎಲೆ ಕೆರೆಯ ತಳದ ಕೆಸರಿನಲ್ಲಿಯೋ ಹಳ್ಳದ ತಿರುವಿನಲ್ಲಿ ನಿಂತ ನೀರಿನಲ್ಲಿಯೋ ಬೀಳುತ್ತದೆ. ಅದರ ಮೇಲೆ ನಯವಾದ ರೇವೆ ಮಣ್ಣು ಬೇಗನೆ ಕೂಡುತ್ತದೆ. ಗಾಳಿ ಆಡುವುದಿಲ್ಲವಾದ್ದರಿಂದ ಕೊಳೆಯುವ ಕೆಲಸ ನಿಂತುಹೋಗುತ್ತದೆ. ವರ್ಷ ವರ್ಷಕ್ಕೂ ಮಣ್ಣಿನ ಪದರು ಏರಿ, ಅದರ ಭಾರಕ್ಕೆ ಕೆಳಗಿನ ಕೆಸರು ಗಟ್ಟಿಯಾಗಿ, ಲಕ್ಷಾಂತರ ವರ್ಷಗಳಲ್ಲಿ ಹಾಸುಗಲ್ಲಾಗುತ್ತದೆ. ನಡುವೆ ಸಿಕ್ಕ ಎಲೆ ಒಂದು ತೆಳುವಾದ ಮಸಿಯ ಪೊರೆಯಾಗಿಯೋ ಬರಿಯ ಅಚ್ಚಾಗಿಯೋ ಉಳಿಯುತ್ತದೆ. ಇದಕ್ಕೇ ಪಳೆಯುಳಿಕೆ ಎನ್ನುತ್ತಾರೆ.

ಇಂಥ ಕಲ್ಲನ್ನು ಪದರಿನ ಗುಂಟ ಉಳಿಯಿಂದ ಮೆಲ್ಲಗೆ ಬಿಡಿಸಿದರೆ ಅದು ಪುಸ್ತಕದಂತೆ ತೆರೆಯುತ್ತದೆ. ಒಂದು ಹೋಳಿನಲ್ಲಿ ಎಲೆ, ಎದುರಿನ ಹೋಳಿನಲ್ಲಿ ಅದರ ಪಡಿಯಚ್ಚು. ನಡುನರ, ಪಕ್ಕದ ನರ, ಅಂಚಿನ ಹಲ್ಲು ಎಲ್ಲವೂ ಕಾಣುತ್ತವೆ. ಎಲೆಯಲ್ಲಿ ತೂತು ಇದ್ದಿದ್ದರೆ ಆ ತೂತೂ ಕಾಣುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಹುಳದ ಮೈ ಮೆತ್ತಗಿನದು. ಅದು ಕಲ್ಲಿನಲ್ಲಿ ಉಳಿಯುವುದು ಬಹಳ ಅಪರೂಪ. ಉಳಿದರೂ ಅದು ಏನನ್ನು ತಿನ್ನುತ್ತಿತ್ತೆಂಬುದು ಅದರ ಮೈಯಿಂದ ಸುಲಭವಾಗಿ ತಿಳಿಯುವುದಿಲ್ಲ. ಹುಳ ತಿಂದ ಎಲೆಯಾದರೋ ತಿಂದ ಕೆಲಸವನ್ನೇ ತೋರಿಸುತ್ತದೆ. ಕಳ್ಳ ಸಿಗದಿದ್ದರೂ ಅವನ ಹೆಜ್ಜೆಯ ಗುರುತು ಸಿಕ್ಕಂತೆ ಇದು.

ಹುಳದ ಗಾಯವೆಂದು ತಿಳಿಯುವುದು ಹೇಗೆ?

“ಎಲೆಯಲ್ಲಿ ತೂತು ಕಂಡರೆ ಅದು ಹುಳದ್ದೇ ಏಕಾಗಬೇಕು? ಗಾಳಿಗೆ ಹರಿದಿರಬಹುದು, ನೀರಿನಲ್ಲಿ ಕೊಳೆತಿರಬಹುದು” ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಶಾಸ್ತ್ರಜ್ಞರು ನಾಲ್ಕು ಪರೀಕ್ಷೆಗಳನ್ನು ಇಟ್ಟುಕೊಂಡಿದ್ದಾರೆ.

ಮೊದಲನೆಯದು ಗಾಯದ ಅಂಚು. ಬದುಕಿರುವ ಎಲೆಗೆ ಗಾಯವಾದರೆ ಗಿಡ ಸುಮ್ಮನಿರುವುದಿಲ್ಲ. ನಮ್ಮ ಗಾಯ ಮಾಯ್ದ ಮೇಲೆ ಕಲೆ ಉಳಿಯುವಂತೆ, ತೂತಿನ ಸುತ್ತಲೂ ದಪ್ಪನೆಯ ಕಪ್ಪು ಅಂಚು ಕಟ್ಟುತ್ತದೆ. ಸತ್ತು ಬಿದ್ದ ಎಲೆ ಹರಿದರೆ ಈ ಅಂಚು ಇರುವುದಿಲ್ಲ. ಈ ಅಂಚು ಕಲ್ಲಿನಲ್ಲಿಯೂ ದಟ್ಟ ಗೆರೆಯಾಗಿ ಉಳಿಯುತ್ತದೆ.

ಎರಡನೆಯದು ನರಗಳ ಸ್ಥಿತಿ. ಹುಳ ಮೆತ್ತಗಿನ ಭಾಗವನ್ನು ಕೆರೆದು ತಿಂದು, ಗಡಸು ನರಗಳನ್ನು ಬಿಟ್ಟಿರುತ್ತದೆ. ತೂತಿನ ಅಂಚಿನಲ್ಲಿ ನರದ ತುದಿಗಳು ಮುಳ್ಳಿನಂತೆ ಚಾಚಿಕೊಂಡಿರುವುದೂ ಉಂಟು.

ಮೂರನೆಯದು ಆಕಾರ. ಮಿಡತೆ ಎಲೆಯ ಅಂಚಿನ ಮೇಲೆ ಕುಳಿತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ಕಡಿಯುತ್ತದೆ. ಆದ್ದರಿಂದ ಅಂಚಿನಲ್ಲಿ ಕುಡುಗೋಲಿನ ಬಾಗಿನಂಥ ಕಚ್ಚುಗಳು ಸಾಲಾಗಿ ಬೀಳುತ್ತವೆ. ಗಾಳಿ ಹರಿದ ಎಲೆಯಲ್ಲಿ ಇಂಥ ಕ್ರಮವಿರುವುದಿಲ್ಲ.

ನಾಲ್ಕನೆಯದು, ಒಂದೇ ಬಗೆಯ ಗಾಯ ಒಂದೇ ಜಾತಿಯ ಎಲೆಗಳ ಮೇಲೆ ಮತ್ತೆ ಮತ್ತೆ ಕಾಣುವುದು. ಒಂದೇ ಕಲ್ಲಿನಲ್ಲಿ ಹತ್ತು ಜಾತಿಯ ಎಲೆಗಳಿದ್ದು, ಅವುಗಳಲ್ಲಿ ಒಂದೇ ಜಾತಿಯ ಮೇಲೆ ಆ ಗುರುತು ಇದ್ದರೆ, ಆ ಗಿಡವನ್ನೇ ಹುಡುಕಿಕೊಂಡು ಬಂದ ಹುಳ ಇತ್ತೆಂದು ಹೇಳಬಹುದು. ಕೊಳೆತ ಎಲೆಯಲ್ಲಿ ಇಂಥ ಆಯ್ಕೆ ಇರುವುದಿಲ್ಲ.

ಈ ನಾಲ್ಕನ್ನೂ ನಾಳೆಯೇ ನಿಮ್ಮ ಹಿತ್ತಲಿನ ಅವರೆ ಬಳ್ಳಿಯ ಮೇಲೆ ಪರೀಕ್ಷಿಸಿ ನೋಡಬಹುದು. ಒಂದು ಎಲೆಯಲ್ಲಿ ನೀವೇ ಬೆರಳಿನಿಂದ ತೂತು ಮಾಡಿ ಒಂದು ವಾರ ಬಿಡಿರಿ. ನೆಲಕ್ಕೆ ಬಿದ್ದ ಒಣ ಎಲೆಗೂ ಅಂಥದೇ ತೂತು ಮಾಡಿರಿ. ವಾರದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಂಚಿನ ಭೇದ ತಾನಾಗಿಯೇ ತಿಳಿಯುವುದು.

ಗುರುತುಗಳ ಬಗೆಗಳು

ಹೊಲದಲ್ಲಿ ನಾವು ದಿನವೂ ಕಾಣುವ ಗುರುತುಗಳೇ ಕಲ್ಲಿನಲ್ಲಿಯೂ ಸಿಗುತ್ತವೆ. ಅಂಚನ್ನು ಕಡಿದದ್ದು ಒಂದು ಬಗೆ. ನಡುವೆ ತೂತು ಕೊರೆದದ್ದು ಒಂದು ಬಗೆ. ನರಗಳ ಜಾಳಿಗೆ ಮಾತ್ರ ಉಳಿಯುವಂತೆ ಕೆರೆದದ್ದು ಇನ್ನೊಂದು. ಎಲೆಯ ಎರಡು ಪೊರೆಗಳ ನಡುವೆ ಹೊಕ್ಕು ಬಿಳಿಯ ಸುರುಳಿ ಗೆರೆ ಬರೆಯುವ ರಂಗೋಲಿ ಹುಳದ ಸುರಂಗ ಮತ್ತೊಂದು. ಈ ಸುರಂಗ ಮೊದಲು ಸೂಜಿಯಷ್ಟು ಸಣ್ಣಗಿದ್ದು, ಒಳಗಿನ ಮರಿ ಬೆಳೆದಂತೆ ಅಗಲವಾಗುತ್ತ ಹೋಗುತ್ತದೆ. ಕಲ್ಲಾದ ಎಲೆಯ ಸುರಂಗವೂ ಹೀಗೆಯೇ ಅಗಲವಾಗುತ್ತ ಹೋಗಿ, ಒಳಗೆ ಹಿಕ್ಕೆಯ ಸಾಲೂ ಉಳಿದಿರುತ್ತದೆ. ಹೊಂಗೆಯ ಎಲೆಯ ಮೇಲೆ ನುಸಿಗಳು ಎಬ್ಬಿಸುವಂಥ ಗಂಟುಗಳು ಒಂದು ಬಗೆ. ಹೇನು, ಜಿಗಿಹುಳಗಳಂತೆ ಸೂಜಿಮೂತಿಯಿಂದ ರಸ ಹೀರಿದ ಚುಕ್ಕೆಗಳು ಇನ್ನೊಂದು ಬಗೆ.

ಈ ಗುರುತುಗಳನ್ನೆಲ್ಲ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾನ್ರಾಡ್ ಲಾಬಂಡೀರಾ ಮತ್ತು ಅವರ ಜೊತೆಗಾರರು ಒಂದೊಂದಕ್ಕೂ ಸಂಖ್ಯೆ ಕೊಟ್ಟು ವಿಂಗಡಿಸಿದರು. ೨೦೦೭ರಲ್ಲಿ ಅವರು ಹೊರತಂದ ಕೈಪಿಡಿಯಲ್ಲಿ ಸುಮಾರು ೧೫೦ ಬಗೆಯ ಗುರುತುಗಳಿದ್ದವು. ಇದರಿಂದ ಒಂದು ದೇಶದಲ್ಲಿ ಎಣಿಸಿದ ಲೆಕ್ಕವನ್ನು ಇನ್ನೊಂದು ದೇಶದ ಲೆಕ್ಕದೊಡನೆ ಹೋಲಿಸುವುದು ಸಾಧ್ಯವಾಯಿತು.

ಹೊಲದ ಗೋಡೆಯಲ್ಲಿ ಸಿಕ್ಕ ಸಾಕ್ಷಿ

ಇನ್ನು ಅತಿ ಹಳೆಯ ಸಾಕ್ಷಿಯನ್ನು ನೋಡೋಣ. ಸ್ಕಾಟ್ಲೆಂಡಿನಲ್ಲಿ ರೈನಿ ಎಂಬುದೊಂದು ಹಳ್ಳಿ. ೧೯೧೨ರ ಸುಮಾರಿಗೆ ವಿಲಿಯಂ ಮೆಕೀ ಎಂಬ ವೈದ್ಯರು ಅಲ್ಲಿಯ ಹೊಲಗಳ ಸುತ್ತಲಿನ ಕಲ್ಲುಗೋಡೆಗಳಲ್ಲಿ ವಿಚಿತ್ರವಾದ ಗಡಸುಕಲ್ಲುಗಳನ್ನು ಕಂಡರು. ಅವರಿಗೆ ಭೂಶಾಸ್ತ್ರದ ಅಭ್ಯಾಸವಿತ್ತು. ಕಲ್ಲನ್ನು ತೆಳುವಾಗಿ ಅರೆದು ನೋಡಿದಾಗ ಒಳಗೆ ಗಿಡಗಳ ಕಾಂಡಗಳು ಕಣ್ಣಿಗೆ ಬಿದ್ದವು. ಬಹು ಹಿಂದೆ ಆ ಸ್ಥಳದಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಆ ನೀರಿನಲ್ಲಿ ಕರಗಿದ್ದ ಬೆಣಚಿನ ಅಂಶ ಗಿಡ, ಹುಳ ಎಲ್ಲವನ್ನೂ ನಿಂತಲ್ಲಿಯೇ ಕಲ್ಲಾಗಿಸಿತ್ತು. ಈ ಕಲ್ಲಿನ ವಯಸ್ಸು ಸುಮಾರು ೪೦ ಕೋಟಿ ವರ್ಷ.

ಆಗಿನ ಗಿಡಗಳಿಗೆ ಇಂದಿನಂಥ ಅಗಲವಾದ ಎಲೆಗಳಿರಲಿಲ್ಲ. ಗೇಣುದ್ದದ ಬೋಳು ಕಡ್ಡಿಗಳು, ಅವುಗಳ ತುದಿಯಲ್ಲಿ ಬೀಜಕಣದ ಚೀಲಗಳು, ಇಷ್ಟೇ. ಜರಿಗಿಡದ ಎಲೆಯ ಬೆನ್ನಿಗೆ ಕಂದು ಪುಡಿಯಂತೆ ಅಂಟಿರುವುದನ್ನು ನೋಡಿದ್ದೀರಲ್ಲ, ಅದೇ ಬೀಜಕಣ. ರೈನಿಯ ಕಲ್ಲಿನಲ್ಲಿ ಕಾಂಡಗಳ ಮೇಲೆ ಚುಚ್ಚಿದ ಗಾಯಗಳೂ ಆ ಗಾಯಗಳನ್ನು ಗಿಡ ಮುಚ್ಚಿಕೊಂಡ ಗುರುತುಗಳೂ ಸಿಕ್ಕಿವೆ. ಬೀಜಕಣಗಳು ತುಂಬಿದ ಸಣ್ಣ ಸಣ್ಣ ಹಿಕ್ಕೆಗಳೂ ಸಿಕ್ಕಿವೆ. ನುಸಿಗಳೂ ಹುಳಗಳ ನಂಟಿನ ರೆಕ್ಕೆಯಿಲ್ಲದ ಪ್ರಾಣಿಗಳೂ ಆ ಕಲ್ಲಿನಲ್ಲಿಯೇ ಇವೆ. ಹಸಿರು ನೆಲಕ್ಕೆ ಕಾಲಿಟ್ಟು ಬಹಳ ಕಾಲವಾಗುವ ಮೊದಲೇ ತಿನ್ನುವವರು ಬಂದಿದ್ದರೆಂದಾಯಿತು.

ಈ ೪೦ ಕೋಟಿ ವರ್ಷಗಳನ್ನು ಒಂದು ದಿನವೆಂದು ಎಣಿಸಿರಿ. ನಡುರಾತ್ರಿಗೆ ರೈನಿಯ ಹುಳ ಗಿಡವನ್ನು ಚುಚ್ಚಿತೆಂದಿಟ್ಟುಕೊಂಡರೆ, ಹೂ ಬಿಡುವ ಗಿಡಗಳು ಬಂದದ್ದು ಮರುದಿನ ಸಂಜೆ ನಾಲ್ಕು ಗಂಟೆಯ ಸುಮಾರಿಗೆ. ಮನುಷ್ಯ ಬಿತ್ತಿ ಬೆಳೆಯಲು ಕಲಿತು ಸುಮಾರು ಹತ್ತು ಸಾವಿರ ವರ್ಷ. ಅದು ಆ ದಿನದ ಕೊನೆಯ ಎರಡು ಸೆಕೆಂಡು ಮಾತ್ರ.

ಕಲ್ಲಿದ್ದಲಿನ ಕಾಲ

ಸುಮಾರು ೩೦ ಕೋಟಿ ವರ್ಷಗಳ ಹಿಂದೆ ಇಂದಿನ ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ದೊಡ್ಡ ಜೌಗು ಕಾಡುಗಳಿದ್ದವು. ಅವೇ ಮುಂದೆ ಕಲ್ಲಿದ್ದಲಾದವು. ಅಲ್ಲಿ ತೆಂಗಿನಂತೆ ನೆಟ್ಟಗೆ ಬೆಳೆಯುವ ಜರಿಜಾತಿಯ ಮರಗಳಿದ್ದವು. ಲಾಬಂಡೀರಾ ಮತ್ತು ಫಿಲಿಪ್ಸ್ ಎಂಬವರು ೧೯೯೬ರಲ್ಲಿ ಈ ಮರದ ಎಲೆದಂಟಿನಲ್ಲಿ ಒಂದು ಗಂಟನ್ನು ಕಂಡು ವಿವರಿಸಿದರು. ದಂಟಿನ ಒಳಗಿನ ತಿರುಳನ್ನು ಒಂದು ಮರಿಹುಳ ತಿಂದಿತ್ತು; ಅದರ ಹಿಕ್ಕೆ ಒಳಗೇ ತುಂಬಿತ್ತು; ಸುತ್ತಲೂ ಗಿಡ ಊದಿಕೊಂಡು ಗಂಟು ಕಟ್ಟಿತ್ತು.

ಇದರ ಮಹತ್ವವೇನು? ಒಳಗೆ ಹೊಕ್ಕು ತಿನ್ನುವ ಮರಿ ಒಂದು ರೂಪ, ರೆಕ್ಕೆ ಬಂದು ಹಾರುವ ತಾಯಿ ಇನ್ನೊಂದು ರೂಪ. ತತ್ತಿ, ಮರಿ, ಕೋಶ, ಪತಂಗ ಎಂಬ ನಾಲ್ಕು ಅವಸ್ಥೆಗಳನ್ನು ಸಾಲೆಯಲ್ಲಿ ಓದಿದ್ದೀರಿ. ತೊಗರಿಯ ಕಾಯಿಕೊರಕ ಹುಳ ನಡೆಸುವ ಸಂಸಾರ ಇದೇ ಬಗೆಯದು. ಇಂಥ ಸಂಸಾರ ಆ ಕಾಲಕ್ಕೇ ಶುರುವಾಗಿತ್ತೆಂಬುದಕ್ಕೆ ಈ ಗಂಟು ಸಾಕ್ಷಿ. ಅದೇ ಜಾತಿಯ ಮರದ ಬೇರೆ ಭಾಗಗಳನ್ನು ಬೇರೆಯವರು ಹಂಚಿಕೊಂಡಿದ್ದರು. ಒಬ್ಬ ದಂಟಿನ ರಸ ಹೀರುತ್ತಿದ್ದ, ಒಬ್ಬ ಕಾಂಡ ಕೊರೆಯುತ್ತಿದ್ದ, ಒಬ್ಬ ಬೀಜಕಣ ತಿನ್ನುತ್ತಿದ್ದ. ಇಂದು ಒಂದು ಜೋಳದ ದಂಟಿನಲ್ಲಿ ಸುಳಿನೊಣ, ಕಾಂಡಕೊರಕ, ಹೇನು ತಮ್ಮ ತಮ್ಮ ಪಾಲು ಹಿಡಿದಿರುವುದಿಲ್ಲವೇ? ಅದೇ ರೀತಿ.

ನಮ್ಮ ದೇಶದಲ್ಲಿಯೂ ಇಂಥ ಸಾಕ್ಷಿಯುಂಟು. ಬಂಗಾಲದ ರಾಣಿಗಂಜ ಮೊದಲಾದ ಕಲ್ಲಿದ್ದಲ ಗಣಿಗಳ ಹಾಸುಗಲ್ಲಿನಲ್ಲಿ ನಾಲಿಗೆಯ ಆಕಾರದ ಎಲೆಗಳು ಹೇರಳವಾಗಿ ಸಿಗುತ್ತವೆ. ಆ ಆಕಾರದಿಂದಲೇ ಅವುಗಳಿಗೆ ಗ್ಲಾಸಾಪ್ಟೆರಿಸ್ ಎಂದು ಹೆಸರಾಗಿದೆ. ಇವುಗಳಲ್ಲಿ ಕೆಲವು ಎಲೆಗಳ ಅಂಚನ್ನು ಹುಳ ಕಡಿದಿದೆ. ಇದೇ ಬಳಗದ ಎಲೆಗಳು, ಇಂಥವೇ ಗಾಯಗಳು ದಕ್ಷಿಣ ಆಫ್ರಿಕದಲ್ಲಿಯೂ ಸಿಕ್ಕಿವೆ. ಆ ಕಾಲಕ್ಕೆ ನಮ್ಮ ನೆಲವೂ ಆಫ್ರಿಕದ ನೆಲವೂ ಒಂದೇ ಖಂಡವಾಗಿದ್ದುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಇಂಥ ಪಳೆಯುಳಿಕೆಗಳ ಅಭ್ಯಾಸಕ್ಕೆಂದೇ ಲಖನೌದಲ್ಲಿ ಬೀರಬಲ ಸಾಹನಿಯವರು ೧೯೪೬ರಲ್ಲಿ ಸ್ಥಾಪಿಸಿದ ಸಂಸ್ಥೆ ಇಂದಿಗೂ ಕೆಲಸ ನಡೆಸಿದೆ.

ಮಲಗಿದ ಎಲೆಯ ತೂತು

ಹುಳದ ಗಾಯ ಹುಳದ ಸುದ್ದಿಯನ್ನಷ್ಟೇ ಹೇಳುವುದಿಲ್ಲ. ಗಿಡದ ಸ್ವಭಾವವನ್ನೂ ಹೇಳುತ್ತದೆ. ಇದಕ್ಕೆ ಒಂದು ಸೊಗಸಾದ ನಿದರ್ಶನ ನೈಋತ್ಯ ಚೀನದಿಂದ ಬಂದಿದೆ. ಅಲ್ಲಿಯ ಸುಮಾರು ೨೫ ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ದೊಡ್ಡ ಎಲೆಯ ಒಂದು ಗಿಡ ಸಿಕ್ಕಿತು. ಆ ಜಾತಿ ಇಂದು ಭೂಮಿಯ ಮೇಲೆ ಇಲ್ಲ. ಅದರ ಎಲೆಗಳ ಮೇಲಿನ ತೂತುಗಳು ನಡುನರದ ಎಡಕ್ಕೂ ಬಲಕ್ಕೂ ಸರಿಜೋಡಿಯಾಗಿದ್ದವು. ಎಡಕ್ಕೆ ಒಂದು ತೂತಿದ್ದರೆ ಬಲಕ್ಕೆ ಅಷ್ಟೇ ದೂರದಲ್ಲಿ ಅಂಥದೇ ತೂತು.

ಮಕ್ಕಳು ಕಾಗದವನ್ನು ಎರಡಾಗಿ ಮಡಿಚಿ ಕತ್ತರಿಯಿಂದ ಕತ್ತರಿಸಿ ಬಿಡಿಸಿದರೆ ಎರಡೂ ಕಡೆ ಒಂದೇ ಚಿತ್ರ ಬರುವುದಿಲ್ಲವೇ? ಇಲ್ಲಿಯೂ ಹುಳ ಕೊರೆದಾಗ ಎಲೆ ಮಡಿಚಿಕೊಂಡಿದ್ದಿತು. ಹುಣಸೆ, ತಗಚೆ, ಮುಟ್ಟಿದರೆ ಮುನಿ ಇವುಗಳ ಎಲೆಗಳು ಕತ್ತಲಾದೊಡನೆ ಮಡಿಚಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಇಂದಿನ ಇಂಥ ಗಿಡಗಳ ಎಲೆಗಳಲ್ಲಿಯೂ ಹುಳದ ತೂತುಗಳು ಹೀಗೆಯೇ ಜೋಡಿಯಾಗಿ ಬೀಳುತ್ತವೆ. ಆದುದರಿಂದ ೨೫ ಕೋಟಿ ವರ್ಷಗಳ ಹಿಂದೆಯೂ ರಾತ್ರಿ ಎಲೆ ಮಡಿಚಿ ಮಲಗುವ ಗಿಡವಿತ್ತು ಎಂದು ಚೀನದ ಫೆಂಗ್ ಝುವೊ ಮತ್ತು ಅವರ ಸಂಗಡಿಗರು ನಿರ್ಣಯಿಸಿ ಪ್ರಕಟಿಸಿದರು. ಕಲ್ಲಾದ ಎಲೆ ಅಲುಗಾಡಲಾರದು. ಆದರೆ ಅದು ಜೀವಂತವಾಗಿದ್ದಾಗ ಅಲುಗಾಡಿದ ಸುದ್ದಿಯನ್ನು ಹುಳ ಬರೆದಿಟ್ಟಿತು.

ಗುರುತು ಹಿಡಿಯುವಲ್ಲಿ ಎಚ್ಚರ

ಗಾಯವನ್ನು ನೋಡಿ ಗಾಯ ಮಾಡಿದವನ ಹೆಸರನ್ನು ಹೇಳುವುದು ಮಾತ್ರ ಸುಲಭವಲ್ಲ. ಅಮೆರಿಕದ ವಯೋಮಿಂಗ್ ಮತ್ತು ಉತ್ತರ ಡಕೋಟಾ ಸೀಮೆಗಳಲ್ಲಿ ಹಸಿಶುಂಠಿಯ ಬಳಗದ ಕಲ್ಲಾದ ಎಲೆಗಳು ಸಿಕ್ಕವು. ಅವುಗಳ ಮೇಲೆ ನರಗಳ ಗುಂಟ ಉದ್ದುದ್ದ ಪಟ್ಟೆಗಳಂತೆ ಕೆರೆದ ಗಾಯಗಳಿದ್ದವು. ಸುರುಳಿಯಾಗಿರುವ ಎಳೆಯ ಎಲೆಯೊಳಗೆ ಹೊಕ್ಕು ತಿನ್ನುವ ಒಂದು ಜಾತಿಯ ದುಂಬಿ ಇಂದಿಗೂ ಅಮೆರಿಕದ ಉಷ್ಣ ಸೀಮೆಗಳಲ್ಲಿದೆ. ಅದರ ಗಾಯ ಹೀಗೆಯೇ ಇರುತ್ತದೆ. ಇದರಿಂದ ಆ ದುಂಬಿಯ ವಂಶ ೬.೬ ಕೋಟಿ ವರ್ಷಗಳಿಗೂ ಹಿಂದಿನದೆಂದು ೨೦೦೦ದಲ್ಲಿ ಪ್ರಕಟವಾಯಿತು. ಆದರೆ ೨೦೦೮ರಲ್ಲಿ ಬೇರೆಯವರು ಜೀವಂತ ಗಿಡಗಳನ್ನು ಪರೀಕ್ಷಿಸಿ, ಪತಂಗಗಳ ಮರಿಹುಳಗಳೂ ಇಂಥವೇ ಪಟ್ಟೆಗಳನ್ನು ಮಾಡುತ್ತವೆಂದು ತೋರಿಸಿ ಆಕ್ಷೇಪಿಸಿದರು.

ಹೊಲದಲ್ಲಿಯೂ ಇದೇ ಮಾತು. ಎಲೆ ತೂತಾಗಿದೆ ಎಂದೊಡನೆ ಅಂಗಡಿಗೆ ಓಡುವವರು, ತೂತು ಮಾಡಿದವನು ಯಾರೆಂದು ಮೊದಲು ನೋಡಬೇಕು. ಮುಂಜಾನೆ, ಸಂಜೆ ಎರಡೂ ಹೊತ್ತು ಎಲೆಯ ಬೆನ್ನನ್ನು ತಿರುವಿ ನೋಡಿ, ಹುಳವನ್ನೇ ಹಿಡಿದು ಗುರುತಿಸುವುದು ಒಳ್ಳೆಯದು. ಕಲ್ಲಿನ ಎಲೆಯನ್ನು ಓದುವವರಿಗೆ ಇಲ್ಲದ ಸೌಕರ್ಯ ನಮಗಿದೆ. ನಮ್ಮ ಕಳ್ಳ ಇನ್ನೂ ಹೊಲದಲ್ಲಿಯೇ ಇದ್ದಾನೆ.

ನಮ್ಮ ಎರೆಭೂಮಿ ಹುಟ್ಟಿದ ಕಾಲದ ಅನಾಹುತ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ, ವಿಜಾಪುರ ಸೀಮೆಗಳ ಎರೆಮಣ್ಣು ಕರಿಕಲ್ಲು ಕರಗಿ ಆದದ್ದು. ಆ ಕರಿಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿ ಹರಿದ ಲಾವಾರಸ. ಅದು ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿಕೊಂಡಿದೆ. ಅದೇ ಕಾಲದಲ್ಲಿ ಮೆಕ್ಸಿಕೋ ದೇಶದ ಯುಕಟಾನ್ ತೀರಕ್ಕೆ ಆಕಾಶದಿಂದ ಒಂದು ದೊಡ್ಡ ಬಂಡೆ ಬಂದು ಅಪ್ಪಳಿಸಿತು. ದೂಳು ಮುಸುಕಿ ಸೂರ್ಯನ ಬೆಳಕು ಕುಂದಿತು. ಡೈನೋಸಾರ್ ಎಂಬ ಮಹಾಕಾಯದ ಪ್ರಾಣಿಗಳು ಅಳಿದದ್ದು ಆಗಲೇ. ಈ ಅಳಿವಿನಲ್ಲಿ ಬಂಡೆಯ ಪಾಲೇ ದೊಡ್ಡದೆಂದು ಬಹುಮಂದಿ ಶಾಸ್ತ್ರಜ್ಞರ ಮತ. ಲಾವಾದ ಪಾಲೆಷ್ಟೆಂಬ ಚರ್ಚೆ ನಡೆದೇ ಇದೆ.

ಹುಳಗಳ ಗತಿ ಏನಾಯಿತು? ಉತ್ತರ ಡಕೋಟಾದಲ್ಲಿ ಈ ಅನಾಹುತದ ಹಿಂದಿನ ಹಾಗೂ ಮುಂದಿನ ಪದರುಗಳಿಂದ ಹದಿಮೂರು ಸಾವಿರಕ್ಕೂ ಮಿಕ್ಕಿ ಸಸ್ಯದ ಪಳೆಯುಳಿಕೆಗಳನ್ನು ಒಂದೊಂದಾಗಿ ನೋಡಿ, ೨೦೦೨ರಲ್ಲಿ ಲೆಕ್ಕ ಪ್ರಕಟಿಸಿದರು. ಅನಾಹುತದ ಹಿಂದಿನ ಎಲೆಗಳಲ್ಲಿ ಎಲ್ಲ ಬಗೆಯ ಗಾಯಗಳಿದ್ದವು. ಮುಂದಿನ ಎಲೆಗಳಲ್ಲಿ ಸುರಂಗ, ಗಂಟು ಮೊದಲಾದ, ಒಂದೇ ಗಿಡಕ್ಕೆ ಕಟ್ಟುಬಿದ್ದ ಹುಳಗಳ ಗುರುತುಗಳು ಬಹುಮಟ್ಟಿಗೆ ಮಾಯವಾಗಿದ್ದವು. ಸಿಕ್ಕದ್ದನ್ನು ತಿನ್ನುವ ಹುಳಗಳ ಸಾದಾ ತೂತುಗಳು, ಅಂಚಿನ ಕಚ್ಚುಗಳು ಮುಂದುವರಿದಿದ್ದವು. ಕಾರಣ ಸರಳ. ಒಂದೇ ಮನೆಯ ಅನ್ನ ನಂಬಿದವನು ಆ ಮನೆ ಬಿದ್ದರೆ ಉಪವಾಸ ಬೀಳುತ್ತಾನೆ. ಹತ್ತು ಮನೆ ತಿರುಗುವವನು ಹೇಗೋ ಬದುಕುತ್ತಾನೆ. ಪಶ್ಚಿಮ ಅಮೆರಿಕದಲ್ಲಿ ಹುಳಗಳ ಬಗೆಗಳು ಮೊದಲಿನಂತಾಗಲು ಸುಮಾರು ೯೦ ಲಕ್ಷ ವರ್ಷ ಬೇಕಾಯಿತು. ಬಂಡೆ ಬಿದ್ದ ಸ್ಥಳದಿಂದ ಬಹುದೂರವಿದ್ದ ದಕ್ಷಿಣ ಅಮೆರಿಕದ ಪೆಟಗೋನಿಯದಲ್ಲಿ ಸುಮಾರು ೪೦ ಲಕ್ಷ ವರ್ಷಗಳಲ್ಲಿಯೇ ಚೇತರಿಕೆಯಾಯಿತೆಂದು ೨೦೧೬ರಲ್ಲಿ ತಿಳಿದುಬಂತು.

ಕಾವು ಏರಿದ ಕಾಲ

ಅನಂತರ ಇನ್ನೊಂದು ಘಟನೆ ನಡೆಯಿತು. ಇದು ಇಂದಿನ ನಮಗೆ ಹೆಚ್ಚು ಸಮೀಪದ್ದು. ಸುಮಾರು ೫.೬ ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲಾಮ್ಲ ಬಹಳವಾಗಿ ಸೇರಿ, ಕೆಲವು ಸಾವಿರ ವರ್ಷಗಳಲ್ಲಿ ಭೂಮಿಯ ಕಾವು ೫ ರಿಂದ ೮ ಡಿಗ್ರಿ ಏರಿತು. ಆ ಕಾಲದ ಎಲೆಗಳು ವಯೋಮಿಂಗ್ ಸೀಮೆಯ ಬಿಗ್‌ಹಾರ್ನ್ ಕಣಿವೆಯಲ್ಲಿ ಸಿಗುತ್ತವೆ. ಎಲೆನ್ ಕುರಾನೊ ಎಂಬ ವಿದುಷಿಯೂ ಅವರ ಜೊತೆಗಾರರೂ ಐದು ಸಾವಿರಕ್ಕೂ ಮಿಕ್ಕಿ ಎಲೆಗಳನ್ನು ಪರೀಕ್ಷಿಸಿ ೨೦೦೮ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾವು ಏರುವ ಮುಂಚಿನ ಪದರುಗಳಲ್ಲಿ ನೂರಕ್ಕೆ ೧೫ ರಿಂದ ೩೮ ಎಲೆಗಳಲ್ಲಿ ಹುಳದ ಗುರುತಿತ್ತು. ಕಾವು ಏರಿದಾಗ ನೂರಕ್ಕೆ ೫೭. ಕಾವು ಇಳಿದ ಮೇಲೆ ನೂರಕ್ಕೆ ೩೩. ಗಾಯಗಳ ಬಗೆಗಳೂ ಕಾವಿನ ಕಾಲದಲ್ಲಿಯೇ ಹೆಚ್ಚಾಗಿದ್ದವು.

ಹೀಗಾಗಲು ಕಾರಣವೇನಿರಬಹುದು? ಎರಡು ಕಾರಣಗಳನ್ನು ಹೇಳುತ್ತಾರೆ. ಕಾವು ಹೆಚ್ಚಿದ್ದರಿಂದ ತೆಂಕಣ ಉಷ್ಣ ಸೀಮೆಗಳ ಹುಳಗಳು ಬಡಗಣಕ್ಕೆ ವಲಸೆ ಬಂದಿರಬೇಕು. ಅದೂ ಅಲ್ಲದೆ ಇಂಗಾಲಾಮ್ಲ ಹೆಚ್ಚಿದ ಗಾಳಿಯಲ್ಲಿ ಬೆಳೆದ ಎಲೆಯಲ್ಲಿ ಸಾರಜನಕದ ಅಂಶ ಕಡಿಮೆಯಾಗುತ್ತದೆ. ಸತ್ವ ಕಡಿಮೆಯಾದ ಮೇವನ್ನು ದನ ಹೆಚ್ಚು ತಿನ್ನುವಂತೆ, ಹುಳವೂ ಹೊಟ್ಟೆ ತುಂಬಲು ಹೆಚ್ಚು ಎಲೆ ತಿನ್ನಬೇಕಾಗುತ್ತದೆ.

ಇಂದು ಗಾಳಿಯಲ್ಲಿ ಇಂಗಾಲಾಮ್ಲ ಏರುತ್ತಿದೆ. ಕಾರಖಾನೆಗಳ ಯುಗಕ್ಕೆ ಮೊದಲು ದಶಲಕ್ಷ ಭಾಗಕ್ಕೆ ಸುಮಾರು ೨೮೦ ಭಾಗವಿದ್ದುದು ಈಗ ೪೨೦ನ್ನು ಮೀರಿದೆ. ಆಗಿನ ಏರಿಕೆಗೆ ಸಾವಿರಾರು ವರ್ಷ ಹಿಡಿದರೆ ಈಗಿನದು ಇನ್ನೂರು ವರ್ಷಗಳಲ್ಲಿ ಆದದ್ದು. ಬಿಗ್‌ಹಾರ್ನಿನ ಕಾಡಿನ ಲೆಕ್ಕವನ್ನು ನಮ್ಮ ತೊಗರಿ ಹೊಲಕ್ಕೆ ಹಾಗೆಯೇ ಹಚ್ಚಲಾಗದು, ನಿಜ. ಆದರೆ ಕಾವು ಏರಿದರೆ ಹುಳದ ಬಾಯಿ ಚುರುಕಾಗುತ್ತದೆ ಎಂಬ ಎಚ್ಚರಿಕೆಯನ್ನು ಆ ಎಲೆಗಳು ಕೊಡುತ್ತಿವೆ.

ನಮಗೆ ತಿಳಿಯಬೇಕಾದುದು

ಮೊದಲನೆಯದಾಗಿ, ೪೦ ಕೋಟಿ ವರ್ಷಗಳಿಂದ ತಿಂದುಕೊಂಡು ಬಂದವರನ್ನು ಒಂದು ಸೀಸೆಯ ಔಷಧ ಪೂರ್ತಿ ಅಳಿಸಲಾರದು. ಆಕಾಶದ ಬಂಡೆಗೂ ಹುಳಗಳ ವಂಶ ಪೂರ್ತಿ ಅಳಿಯಲಿಲ್ಲ. ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆದರೆ ಸಾಯದೆ ಉಳಿದ ಹುಳಗಳ ಸಂತತಿಯೇ ಹೆಚ್ಚಿ, ಔಷಧಕ್ಕೆ ಜಗ್ಗದ ಪೀಳಿಗೆ ಬರುತ್ತದೆ. ತೊಗರಿ, ಹತ್ತಿಗಳ ಕಾಯಿಕೊರಕದಲ್ಲಿ ಇದನ್ನು ನಮ್ಮ ದೇಶ ಕಂಡೂ ಆಗಿದೆ. ಹುಳ ಪೈರಿಗಿಂತ ಮುಂದೆ ಹೋಗದಂತೆ ಹಿಡಿದಿಡುವುದೇ ಸಾಧ್ಯವಾದ ಕೆಲಸ. ಅದಕ್ಕೆ ಹುಳ ತಿನ್ನುವ ಹಕ್ಕಿ, ಜೇಡ, ಕಣಜಗಳೂ ನಮಗೆ ಬೇಕು.

ಎರಡನೆಯದಾಗಿ, ಒಂದೇ ಗಿಡವನ್ನು ನಂಬಿದ ಹುಳ ಯಾವುದು, ಹತ್ತು ಗಿಡ ತಿನ್ನುವ ಹುಳ ಯಾವುದು ಎಂಬ ಭೇದ ತಿಳಿದಿರಬೇಕು. ಸುಳಿನೊಣ ಮುಖ್ಯವಾಗಿ ಜೋಳವನ್ನೇ ನಂಬಿದ್ದು. ಬೆಳೆ ಬದಲಿಸುವುದರಿಂದಲೂ ಊರವರೆಲ್ಲ ಒಂದೇ ಹದಕ್ಕೆ ತಡಮಾಡದೆ ಬಿತ್ತುವುದರಿಂದಲೂ ಅದನ್ನು ಹಣಿಯಬಹುದು. ಕಾಯಿಕೊರಕ ಹಾಗಲ್ಲ. ಅದು ತೊಗರಿ, ಕಡಲೆ, ಹತ್ತಿ, ಜೋಳದ ತೆನೆ, ಟೊಮೇಟೊ ಎಲ್ಲವನ್ನೂ ತಿನ್ನುತ್ತದೆ. ತೊಗರಿಯ ಹಿಂದೆ ಕಡಲೆ ಬಿತ್ತಿದರೆ ಅದಕ್ಕೆ ಎರಡನೆಯ ಪಂಕ್ತಿ ಬಡಿಸಿದಂತಾಗುತ್ತದೆ. ಇಂಥದಕ್ಕೆ ಬೆಳೆ ಬದಲಿಸುವುದೊಂದೇ ಸಾಲದು. ತತ್ತಿ, ಮರಿಗಳನ್ನು ಮೊದಲೇ ಕಂಡುಹಿಡಿಯುವುದು, ಗಿಡ ಅಲುಗಾಡಿಸಿ ಹುಳ ಆರಿಸುವುದು, ಹಕ್ಕಿ ಕೂಡಲು ಹೊಲದಲ್ಲಿ ಕವೆಗೋಲು ನೆಡುವುದು, ಇವೆಲ್ಲ ಕೂಡಿ ನಡೆಯಬೇಕು.

ಮೂರನೆಯದಾಗಿ, ಎಣಿಸುವುದನ್ನು ಕಲಿಯಬೇಕು. ಬಿಗ್‌ಹಾರ್ನಿನ ಶಾಸ್ತ್ರಜ್ಞರು ಮಾಡಿದ್ದು ಎಲೆಗಳನ್ನು ಒಂದೊಂದಾಗಿ ನೋಡಿ ಎಣಿಸಿದ್ದೇ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಬಿತ್ತಿದ ಮೂರನೆಯ ವಾರದಿಂದ ಪ್ರತಿ ವಾರ ಒಂದೇ ವಾರದಂದು, ಹೊಲದ ನಾಲ್ಕು ಮೂಲೆ ಮತ್ತು ನಡುವೆ, ಸ್ಥಳಕ್ಕೆ ೨೦ರಂತೆ ೧೦೦ ಎಲೆಗಳನ್ನು ನೋಡಿರಿ. ಎಷ್ಟರಲ್ಲಿ ಗುರುತಿದೆ, ಅದು ಯಾವ ಬಗೆಯ ಗುರುತು, ಹುಳ ಸಿಕ್ಕಿತೋ ಇಲ್ಲವೋ ಎಂಬುದನ್ನು ವಹಿಯಲ್ಲಿ ಬರೆದಿಡಿರಿ. ಹೂವು ಬಂದ ಮೇಲೆ ಎಲೆಯ ಜೊತೆಗೆ ಮೊಗ್ಗು, ಕಾಯಿಗಳನ್ನೂ ನೋಡಿರಿ. ಮನೆಯಲ್ಲಿ ಸಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೆ ಈ ಕೆಲಸ ಒಪ್ಪಿಸಬಹುದು. ಶೇಕಡಾ ಲೆಕ್ಕವೂ ಅವರಿಗೆ ರೂಢಿಯಾಗುತ್ತದೆ. ನೂರಕ್ಕೆ ಮೂವತ್ತು ಎಲೆಗಳಲ್ಲಿ ಗುರುತಿದೆ ಎಂದರೆ ನೂರಕ್ಕೆ ಮೂವತ್ತು ಪೈರು ಹೋಯಿತೆಂದು ಅರ್ಥವಲ್ಲ. ಒಂದು ಸಣ್ಣ ತೂತಿದ್ದರೂ ಆ ಎಲೆ ಲೆಕ್ಕಕ್ಕೆ ಬರುತ್ತದೆ. ಗಿಡಕ್ಕೆ ಸ್ವಲ್ಪ ಎಲೆ ಕಳೆದುಕೊಂಡು ತಡೆದುಕೊಳ್ಳುವ ಶಕ್ತಿಯುಂಟು. ಕಳೆದ ವಾರಕ್ಕಿಂತ ಈ ವಾರ ಲೆಕ್ಕ ಥಟ್ಟನೆ ಏರಿತೇ ಎಂಬುದೇ ನೋಡಬೇಕಾದ ಮುಖ್ಯ ಸಂಗತಿ.

ಮೂರು ನಾಲ್ಕು ವರ್ಷ ಹೀಗೆ ಬರೆದಿಟ್ಟರೆ, ಯಾವ ಮಳೆಯ ಹಿಂದೆ ಯಾವ ಹುಳ ಬರುತ್ತದೆ, ಕಾವು ಹೆಚ್ಚಿದ ವರ್ಷ ಏನಾಗುತ್ತದೆ ಎಂಬುದು ನಿಮ್ಮ ಹೊಲದ ಮಟ್ಟಿಗೆ ನಿಮಗೇ ತಿಳಿಯುತ್ತದೆ. ಔಷಧಕ್ಕೆ ದುಡ್ಡು ಹಾಕುವ ಮೊದಲು ಆ ವಹಿಯನ್ನು ಬಿಚ್ಚಿ ನೋಡಿರಿ.